ಸೂಜಿ ಕೈಯಲ್ಲಿದೆ, ಕೈ ಮುಂದೆ ಹೋಗುತ್ತಿಲ್ಲ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು, ಬೇರೆ ಬೇರೆ ಕಡೆಯಿಂದ ಬಂದಿದ್ದರೂ, ಒಂದೇ ವಿಷಯವನ್ನು ಕುರಿತು ಇದ್ದವು. ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದ ಮೇಲೆ ತಮಗೆ ತಾವೇ ಇಂಜೆಕ್ಷನ್ ಚುಚ್ಚಿಕೊಳ್ಳಬೇಕಾದವರ ಪತ್ರಗಳು ಅವು. ಹೀಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟರೇ, ನನಗೆ 58 ವರ್ಷ. ಹನ್ನೊಂದು ದಿನಗಳ ಹಿಂದೆ ನನ್ನ ಬಲಗಡೆಯ ಸೊಂಟದ ಕೀಲನ್ನು ಬದಲಿಸುವ ಆಪರೇಷನ್ ಆಯಿತು. ಗಾಯ ಚೆನ್ನಾಗಿಯೇ ಮಾಯುತ್ತಿದೆ, ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಿದ್ದೇನೆ. ನನ್ನ ತೊಂದರೆ ಬೇರೆಯೇ ಇದೆ. ರಕ್ತ ಹೆಪ್ಪುಗಟ್ಟದಿರಲೆಂದು ಒಟ್ಟು 35 ದಿನಗಳ ಕಾಲ ದಿನಕ್ಕೊಂದು ಎನಾಕ್ಸಪಾರಿನ್ ಇಂಜೆಕ್ಷನ್ನನ್ನು ಹೊಟ್ಟೆಯ ಚರ್ಮಕ್ಕೆ ನಾನೇ ಚುಚ್ಚಿಕೊಳ್ಳಬೇಕೆಂದು ಹೇಳಿ ಕಳುಹಿಸಿದ್ದಾರೆ. ಆಸ್ಪತ್ರೆಯಲ್ಲಿದ್ದಷ್ಟು ದಿನ ನರ್ಸ್ ಚುಚ್ಚುತ್ತಿದ್ದರು, ನಾನು ಗೋಡೆಯ ಕಡೆಗೆ ಮುಖ ಮಾಡಿ ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ಮನೆಗೆ ಬಂದ ಮೊದಲ ಸಂಜೆ ಸಿರಿಂಜನ್ನು ಕೈಯಲ್ಲಿ ಹಿಡಿದು ಒಂದೂವರೆ ಗಂಟೆ ಕುಳಿತೆ. ಚರ್ಮದ ಹತ್ತಿರಕ್ಕೆ ಬಂದ ಕೂಡಲೇ ಕೈ ತಾನಾಗಿ ನಿಂತುಬಿಡುತ್ತದೆ, ಅಂಗೈ ಬೆವರುತ್ತದೆ, ಕಣ್ಣು ಮಂಜಾಗುತ್ತದೆ. ಚಿಕ್ಕವಳಿದ್ದಾಗ ರಕ್ತ ಪರೀಕ್ಷೆಗೆಂದು ಹೋಗಿ ಅಲ್ಲೇ ಬವಳಿ ಬಂದು ಬಿದ್ದಿದ್ದೆ. ನನ್ನ ತಂದೆಯವರಿಗೂ ಹಾಗೆಯೇ ಆಗುತ್ತಿತ್ತು. ಹೇಗೋ ನಾಲ್ಕು ದಿನ ಅತ್ತುಕೊಂಡು ಚುಚ್ಚಿಕೊಂಡೆ. ನಿನ್ನೆ ಆಗಲೇ ಇಲ್ಲ, ಸಿರಿಂಜನ್ನು ಡಬ್ಬಿಯಲ್ಲಿಟ್ಟು ಮಲಗಿಬಿಟ್ಟೆ. “ಕೀಲನ್ನೇ ಕೊಯ್ದು ಬದಲಿಸಿದಾಗ ಇಲ್ಲದ ಭಯ ಇಷ್ಟುದ್ದ ಸೂಜಿಗೆ ಬಂತೇ?” ಎಂದು ಮನೆಯವರು ನಗುತ್ತಾರೆ. ನಾನು ಇಷ್ಟು ಹೇಡಿಯೇ? ಇನ್ನೂ 24 ದಿನಗಳನ್ನು ಹೇಗೆ ಕಳೆಯಲಿ?
— ಹೆಸರು ಬೇಡ

ಉತ್ತರ: ಮೊದಲು ನಿನ್ನೆ ತಪ್ಪಿದ ಇಂಜೆಕ್ಷನ್ನಿನ ವಿಚಾರ ಮುಗಿಸೋಣ, ಏಕೆಂದರೆ ಉಳಿದದ್ದೆಲ್ಲ ಸ್ವಲ್ಪ ಕಾಯಬಹುದು, ಇದು ಕಾಯುವುದಿಲ್ಲ. ನಿಮಗೆ ಆಪರೇಷನ್ ಮಾಡಿದ ವೈದ್ಯರ ತಂಡಕ್ಕೆ ಫೋನ್ ಮಾಡಿ, ಒಂದು ದಿನ ತಪ್ಪಿದೆ ಎಂದೂ ತಪ್ಪಿದ್ದು ಭಯದಿಂದಲೇ ಎಂದೂ ಹೇಳಿರಿ. ತಪ್ಪಿದ್ದನ್ನು ಸರಿದೂಗಿಸಲೆಂದು ಒಂದೇ ದಿನ ಎರಡು ಇಂಜೆಕ್ಷನ್ ಚುಚ್ಚಿಕೊಳ್ಳಬೇಡಿ. ಹಾಗೆ ಮಾಡಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮೀನಖಂಡದಲ್ಲಿ ಅಥವಾ ತೊಡೆಯಲ್ಲಿ ಹೊಸದಾಗಿ ಊತ, ನೋವು, ಬಿಸಿ ಕಾಣಿಸಿಕೊಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಫೋನಿಗಾಗಿಯೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸೊಂಟದ ಕೀಲಿನ ಆಪರೇಷನ್ ಆದ ಮೇಲೆ ಕಾಲಿನ ಒಳಗಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಆಸ್ಪತ್ರೆಯಿಂದ ಬಿಡುಗಡೆಯಾದ ದಿನಕ್ಕೆ ಮುಗಿದುಹೋಗುವುದಿಲ್ಲ, ಹಲವು ವಾರಗಳವರೆಗೆ ಇರುತ್ತದೆ. ನಡಿಗೆ ಕಡಿಮೆಯಾಗಿ ರಕ್ತದ ಹರಿವು ನಿಧಾನವಾಗಿರುತ್ತದೆ, ಶಸ್ತ್ರಚಿಕಿತ್ಸೆಯಲ್ಲಿ ನಾಳಗಳಿಗೆ ಪೆಟ್ಟಾಗಿರುತ್ತದೆ, ಗಾಯ ಮಾಯಿಸಲು ಹೊರಟ ದೇಹ ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಮಾಡಿಕೊಂಡಿರುತ್ತದೆ. ಈ ಮೂರೂ ಒಟ್ಟಿಗೆ ಸೇರುವುದರಿಂದಲೇ ತೊಂದರೆ. ಕಾಲಿನಲ್ಲಿ ಕಟ್ಟಿದ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ನಿಮ್ಮ ವೈದ್ಯರು 35 ದಿನ ಎಂದು ಲೆಕ್ಕ ಹಾಕಿ ಕೊಟ್ಟಿರುವುದು ಈ ಅವಧಿಯನ್ನು ದಾಟಿಸುವುದಕ್ಕಾಗಿ.

ಇನ್ನು ಹೇಡಿತನದ ಮಾತು. ಮನೆಯವರ ನಗುವಿಗೆ ಉತ್ತರ ಅವರ ಮಾತಿನಲ್ಲೇ ಇದೆ. ಕೀಲು ಬದಲಿಸುವಾಗ ನಿಮಗೆ ಅರಿವಳಿಕೆ ಕೊಟ್ಟಿದ್ದರು, ಕತ್ತಿ ಬೇರೆಯವರ ಕೈಯಲ್ಲಿತ್ತು, ನೀವು ಮಾಡಬೇಕಾದ್ದು ಏನೂ ಇರಲಿಲ್ಲ. ಈಗ ಚುಚ್ಚುವವರೂ ನೀವೇ, ಚುಚ್ಚಿಸಿಕೊಳ್ಳುವವರೂ ನೀವೇ. ತನ್ನ ದೇಹಕ್ಕೆ ತಾನೇ ಮೊನಚಾದದ್ದನ್ನು ಚುಚ್ಚದಂತೆ ಕೈಯನ್ನು ತಡೆಯುವುದು ನಮ್ಮೆಲ್ಲರೊಳಗೂ ಇರುವ, ಸಾಮಾನ್ಯವಾಗಿ ನಮ್ಮನ್ನು ಕಾಪಾಡುವ ಸ್ವಭಾವ. ನಿಮ್ಮಲ್ಲಿ ಅದರ ಜೊತೆಗೆ ಇನ್ನೊಂದು ಸೇರಿದೆ. ರಕ್ತ, ಸೂಜಿ, ಗಾಯ ಇವುಗಳ ವಿಪರೀತ ಭಯವನ್ನು ಅಮೆರಿಕದ ಮನೋವೈದ್ಯರ ಸಂಘವು 1994ರಲ್ಲಿ ಹೊರತಂದ ರೋಗಪಟ್ಟಿಯಲ್ಲಿ ಪ್ರತ್ಯೇಕ ಬಗೆಯೆಂದು ಗುರುತಿಸಿತು. ಹೀಗೆ ಬೇರೆ ಮಾಡಿದ್ದಕ್ಕೆ ಮುಖ್ಯ ಆಧಾರ, ಈ ಭಯ ದೇಹದಲ್ಲಿ ನಡೆದುಕೊಳ್ಳುವ ರೀತಿಯೇ ಬೇರೆ ಎಂಬುದು. ಹಾವು, ಎತ್ತರ, ಕತ್ತಲೆ ಇವಕ್ಕೆ ಹೆದರಿದಾಗ ಹೃದಯದ ಬಡಿತವೂ ರಕ್ತದೊತ್ತಡವೂ ಏರಿ, ಏರಿದಲ್ಲೇ ನಿಲ್ಲುತ್ತವೆ. ಆದುದರಿಂದ ಹಾವು ಕಂಡವರು ಓಡುತ್ತಾರೆಯೇ ಹೊರತು ಬವಳಿ ಬಂದು ಬೀಳುವುದು ಅಪರೂಪ. ಸೂಜಿ ಮತ್ತು ರಕ್ತದ ಭಯದಲ್ಲಿ ಮಾತ್ರ ಎರಡೂ ಮೊದಲು ಏರಿ, ಆಮೇಲೆ ತಟಕ್ಕನೆ ಇಳಿಯುತ್ತವೆ. ಮಿದುಳಿಗೆ ರಕ್ತ ಸಾಲದೆ ಬೆವರು, ವಾಕರಿಕೆ, ಕಣ್ಣು ಕತ್ತಲೆ, ಕೊನೆಗೆ ಪ್ರಜ್ಞೆ ತಪ್ಪುವುದು ಬರುತ್ತದೆ. ಇದು ಕುಟುಂಬಗಳಲ್ಲಿ ಹರಿದು ಬರುವುದೂ ಉಂಟು. ನಿಮ್ಮ ತಂದೆಯವರ ವಿಷಯ ಬರೆದದ್ದು ಒಳ್ಳೆಯದಾಯಿತು.

ನಾನೂ ವೈದ್ಯಕೀಯ ಓದುತ್ತಿದ್ದಾಗ ಒಮ್ಮೆ ಟ್ರೇ ಹಿಡಿದು ನಿಂತಲ್ಲೇ ಕುಸಿದಿದ್ದೆ. ಹಿರಿಯ ನರ್ಸ್ ಒಬ್ಬರು ಬೈಯದೆ, ನಗದೆ, ನನ್ನ ಕಾಲುಗಳನ್ನು ಕುರ್ಚಿಯ ಮೇಲೆ ಎತ್ತಿಟ್ಟು ತಮ್ಮ ಕೆಲಸಕ್ಕೆ ಹೋದರು. ಎಷ್ಟೋ ಪಾಠಗಳಿಗಿಂತ ಅದು ಚೆನ್ನಾಗಿ ನೆನಪಿದೆ.

ದೇಹದ ಈ ನಡವಳಿಕೆ ತಿಳಿದಿದ್ದರೆ ಒಂದು ವಿಚಿತ್ರ ಸಂಗತಿಯೂ ಅರ್ಥವಾಗುತ್ತದೆ. ಸೂಜಿಗೆ ಹೆದರುವವರಿಗೆ ಎಲ್ಲರೂ ಹೇಳುವುದು “ಮೈ ಸಡಿಲ ಬಿಡಿ, ನಿಧಾನ ಉಸಿರಾಡಿ” ಎಂದು. ಬವಳಿ ಬರುವ ಸ್ವಭಾವದವರಿಗೆ ಈ ಸಲಹೆ ಹೊಂದುವುದಿಲ್ಲ, ಇಳಿಯುತ್ತಿರುವ ರಕ್ತದೊತ್ತಡಕ್ಕೆ ಸಡಿಲಿಕೆ ಇನ್ನಷ್ಟು ದಾರಿ ಮಾಡಿಕೊಡಬಹುದು. ಇಂಥವರು ಮಾಡಬೇಕಾದ್ದು ತದ್ವಿರುದ್ಧ: ಸ್ನಾಯುಗಳನ್ನು ಬಿಗಿಹಿಡಿಯುವುದು. ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್ ಯೋರಾನ್ ಓಸ್ಟ್ ತಮ್ಮ ಸಹೋದ್ಯೋಗಿಯೊಡನೆ 1987ರಲ್ಲಿ ಈ ವಿಧಾನವನ್ನು ವಿವರವಾಗಿ ಪ್ರಕಟಿಸಿದರು, ಇಂದಿಗೂ ಅದೇ ಬಳಕೆಯಲ್ಲಿದೆ. ಮುಷ್ಟಿ, ತೋಳು, ಕಾಲುಗಳ ಸ್ನಾಯುಗಳನ್ನು ಒಟ್ಟಿಗೆ ಬಿಗಿ ಮಾಡಿ, ಮುಖ ಬೆಚ್ಚಗಾಗುವವರೆಗೆ, ಅಂದರೆ ಸುಮಾರು 10ರಿಂದ 15 ಸೆಕೆಂಡು ಹಾಗೆಯೇ ಹಿಡಿದಿರಬೇಕು. ಆಮೇಲೆ 20ರಿಂದ 30 ಸೆಕೆಂಡು ಬಿಡಬೇಕು. ಪೂರ್ತಿ ಸಡಿಲವಾಗುವುದು ಬೇಡ, ಮೊದಲಿದ್ದ ಸ್ಥಿತಿಗೆ ಬಂದರೆ ಸಾಕು. ಹೀಗೆ ಐದು ಬಾರಿ. ಬಿಗಿ ಹಿಡಿದಾಗ ಉಸಿರು ಕಟ್ಟಬಾರದು.

ನಿಮ್ಮ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಆಪರೇಷನ್ ಆದ ಬಲಗಾಲನ್ನೂ ಸೊಂಟವನ್ನೂ ಬಿಗಿ ಹಿಡಿಯುವುದು ಬೇಡ, ಎರಡೂ ತೋಳು ಮತ್ತು ಎಡಗಾಲು ಸಾಕು. ರಕ್ತದೊತ್ತಡದ ಅಥವಾ ಹೃದಯದ ಕಾಯಿಲೆ ಇದ್ದರೆ ಈ ಅಭ್ಯಾಸಕ್ಕೆ ಮೊದಲು ವೈದ್ಯರನ್ನು ಕೇಳಿಕೊಳ್ಳಿ. (ಹೊಟ್ಟೆಯ ಆಪರೇಷನ್ ಆದ ಓದುಗರು ಹೊಟ್ಟೆಯ ಸ್ನಾಯುಗಳನ್ನು ಬಿಡಬೇಕು.) ಸೂಜಿ ಇಲ್ಲದ ಹೊತ್ತಿನಲ್ಲಿ ದಿನಕ್ಕೆ ನಾಲ್ಕೈದು ಸಲ ಇದನ್ನು ಅಭ್ಯಾಸ ಮಾಡಿಟ್ಟುಕೊಂಡರೆ ಬೇಕಾದಾಗ ದೇಹಕ್ಕೆ ಹೇಳಿಕೊಡಬೇಕಾಗುವುದಿಲ್ಲ. ಚುಚ್ಚುವ ಕ್ಷಣದಲ್ಲಿ ಹೊಟ್ಟೆಯ ಆ ಭಾಗ ಮೆತ್ತಗಿರಬೇಕು, ಆದ್ದರಿಂದ ಬಿಗಿ ಹಿಡಿಯುವ ಸುತ್ತುಗಳನ್ನು ಮೊದಲೇ ಮುಗಿಸಿ, ಚುಚ್ಚುವಾಗ ಎಡಗಾಲೊಂದನ್ನೇ ಬಿಗಿಯಾಗಿಟ್ಟುಕೊಳ್ಳಿ.

ಇನ್ನು ಕೆಲವರಿಗೆ ಬವಳಿ ಎಂದೂ ಬಂದಿರುವುದಿಲ್ಲ, ಎದೆ ಡವಡವ ಹೊಡೆದುಕೊಂಡು ಕೈ ನಡುಗುವುದಷ್ಟೇ ಇರುತ್ತದೆ. ಅವರಿಗೆ ಬಿಗಿ ಹಿಡಿಯುವುದು ಬೇಕಿಲ್ಲ, ನಾಲ್ಕು ಎಣಿಸುವಷ್ಟು ಉಸಿರು ಒಳಗೆಳೆದು ಆರು ಎಣಿಸುವಷ್ಟು ನಿಧಾನವಾಗಿ ಹೊರಬಿಡುವುದೇ ಒಳ್ಳೆಯದು. ತಮ್ಮದು ಯಾವ ಬಗೆ ಎಂದು ತಿಳಿದುಕೊಳ್ಳದೆ ಒಬ್ಬರ ಉಪಾಯವನ್ನು ಇನ್ನೊಬ್ಬರು ಮಾಡಿ “ನನಗೆ ಏನೂ ಆಗಲಿಲ್ಲ” ಎನ್ನುವುದನ್ನು ನಾನು ಬಹಳ ಕಂಡಿದ್ದೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಆ ಒಂದೂವರೆ ಗಂಟೆ. ಸೂಜಿ ಚುಚ್ಚಲು ಬೇಕಾದ್ದು ಅರೆ ನಿಮಿಷ, ಉಳಿದದ್ದೆಲ್ಲ ಕಾಯುವಿಕೆ. ಸಿರಿಂಜನ್ನು ಹತ್ತಿರ ತಂದು, ಭಯ ಏರಿ, ಕೆಳಗಿಟ್ಟ ಕೂಡಲೇ “ಅಬ್ಬಾ” ಎನಿಸುತ್ತದಲ್ಲ, ಆ ನೆಮ್ಮದಿಯೇ ಮರುದಿನದ ಭಯವನ್ನು ಸಾಕುತ್ತದೆ, ಏಕೆಂದರೆ ಕೆಳಗಿಟ್ಟದ್ದರಿಂದಲೇ ಪಾರಾದೆ ಎಂದು ಮಿದುಳು ಲೆಕ್ಕ ಬರೆದುಕೊಳ್ಳುತ್ತದೆ. ಒಂದೂವರೆ ಗಂಟೆಯಲ್ಲಿ ಹತ್ತು ಸಲ ಕೆಳಗಿಟ್ಟಿದ್ದರೆ ಹತ್ತು ಸಲ ಆ ಪಾಠ ಆದಂತೆ. ಭಯ ಮಾತ್ರ, ನಾವು ಓಡಿಹೋಗದೆ ಅದರ ಎದುರೇ ಇದ್ದರೆ, ಏರುವಷ್ಟು ಏರಿ ತಾನಾಗಿ ಇಳಿಯತೊಡಗುತ್ತದೆ. ಭಯಗಳಿಗೆ ಮನೋಚಿಕಿತ್ಸಕರು ಕೊಡುವ ಚಿಕಿತ್ಸೆ ನಿಂತಿರುವುದು ಬಹುಮಟ್ಟಿಗೆ ಇದರ ಮೇಲೆ; ಓಸ್ಟ್ ಅವರೇ ಮೂರು ಗಂಟೆಗಳವರೆಗಿನ ಒಂದೇ ಭೇಟಿಯಲ್ಲಿ ಮುಗಿಸುವ ಇಂಥ ಚಿಕಿತ್ಸೆಯನ್ನೂ ರೂಪಿಸಿದ್ದಾರೆ.

ನಿಮಗೆ ತಿಂಗಳುಗಟ್ಟಲೆ ಸಮಯವಿಲ್ಲ, ಹಾಗಾಗಿ ಈ ಮಧ್ಯಾಹ್ನವೇ ಮೆಟ್ಟಿಲು ಹತ್ತಲು ಶುರು ಮಾಡಿ. ಮೊದಲು ಸಿರಿಂಜಿನ ಡಬ್ಬಿಯನ್ನು ಕಣ್ಣೆದುರು ಇಟ್ಟುಕೊಂಡು ಕುಳಿತಿರಿ. ಎದೆಬಡಿತ ಸ್ವಲ್ಪ ಇಳಿದಿದೆ ಎನಿಸಿದ ಮೇಲೆ ಮುಚ್ಚಳ ತೆಗೆಯದೆ ಸಿರಿಂಜನ್ನು ಕೈಗೆ ತೆಗೆದುಕೊಳ್ಳಿ. ಆಮೇಲೆ ಬರಿ ಬೆರಳಿನಿಂದ ಹೊಟ್ಟೆಯ ಚರ್ಮವನ್ನು ಹಿಡಿದು ಬಿಟ್ಟು ನೋಡಿ. ಆಮೇಲೆ ಮುಚ್ಚಳವಿರುವ ಸಿರಿಂಜಿನ ತುದಿಯನ್ನೇ ಆ ಮಡಿಕೆಗೆ ತಾಗಿಸಿ ಹತ್ತು ಎಣಿಸಿ. ಪ್ರತಿ ಮೆಟ್ಟಿಲಿನಲ್ಲೂ ಭಯ ಪೂರ್ತಿ ಹೋಗಲೆಂದು ಕಾಯಬೇಡಿ, ಅರ್ಧಕ್ಕೆ ಇಳಿದರೆ ಸಾಕು, ಮುಂದಿನದಕ್ಕೆ ಹೋಗಿ. ಇವೆಲ್ಲ ಇಂಜೆಕ್ಷನ್ನಿನ ಹೊತ್ತಿಗೆ ಬಹಳ ಮೊದಲೇ ಆಗಬೇಕು. ಇಂಜೆಕ್ಷನ್ನಿನ ಹೊತ್ತು ಬಂದಾಗ ಅಭ್ಯಾಸವೂ ಇಲ್ಲ, ಚೌಕಾಸಿಯೂ ಇಲ್ಲ. ಗಡಿಯಾರದಲ್ಲಿ ಒಂದು ಹೊತ್ತು ನಿಗದಿ ಮಾಡಿಕೊಂಡು, ಮುಚ್ಚಳ ತೆಗೆದ ಮೇಲೆ ಮೂರು ಎಣಿಸುವುದರೊಳಗೆ ಸೂಜಿ ಒಳಗಿರಬೇಕು ಎಂಬ ಒಂದೇ ನಿಯಮ ಇಟ್ಟುಕೊಳ್ಳಿ.

ಈಗ ಆ ಅರೆ ನಿಮಿಷದ ಒಳಗೆ ಏನು ನಡೆಯುತ್ತದೆಂದು ಹೇಳುತ್ತೇನೆ. ಗೊತ್ತಿಲ್ಲದ್ದಕ್ಕೆ ಹೆದರುವುದಕ್ಕಿಂತ ಗೊತ್ತಿರುವುದಕ್ಕೆ ಹೆದರುವುದು ಸುಲಭ. ಮೊದಲೇ ಔಷಧಿ ತುಂಬಿ ಬರುವ ಈ ಸಿರಿಂಜಿನ ಸೂಜಿ ಸುಮಾರು 0.4 ಮಿಲಿಮೀಟರ್ ದಪ್ಪದ್ದು. ರಕ್ತ ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವ ಸೂಜಿ ಇದರ ಎರಡರಷ್ಟು ದಪ್ಪವಿರುತ್ತದೆ; ಚಿಕ್ಕಂದಿನಲ್ಲಿ ನಿಮ್ಮನ್ನು ಬೀಳಿಸಿದ್ದು ಅಂಥದ್ದು. ಸಾಮಾನ್ಯವಾಗಿ ಕೊಡುವ 40 ಮಿಲಿಗ್ರಾಂ ಪ್ರಮಾಣವೆಂದರೆ 0.4 ಮಿಲಿಲೀಟರ್, ಒಂದು ಟೀ ಚಮಚದ ಹತ್ತನೆಯ ಒಂದು ಭಾಗವೂ ಆಗುವುದಿಲ್ಲ. ಇದು ಹೋಗಬೇಕಾದ್ದು ಚರ್ಮದಡಿಯ ಕೊಬ್ಬಿನ ಪದರಕ್ಕೆ, ಸ್ನಾಯುವಿಗಲ್ಲ, ರಕ್ತನಾಳಕ್ಕೂ ಅಲ್ಲ.

ಹಾಸಿಗೆಯ ಮೇಲೆ ದಿಂಬಿಗೊರಗಿ, ಕಾಲು ಚಾಚಿ ಅರೆಮಲಗಿದ ಭಂಗಿಯಲ್ಲಿ ಇರಿ. ಈ ಭಂಗಿಯಲ್ಲಿ ಹೊಟ್ಟೆಯ ಮಡಿಕೆ ಸುಲಭವಾಗಿ ಸಿಗುತ್ತದೆ, ಹೊಸ ಕೀಲು ಬಾಗುವುದಿಲ್ಲ, ಅಕಸ್ಮಾತ್ ಬವಳಿ ಬಂದರೂ ಬೀಳುವ ಭಯವಿಲ್ಲ. ನಿಮ್ಮ ಸ್ಥಿತಿಯಲ್ಲಿ ಬೀಳುವುದು ಸೂಜಿಗಿಂತ ನೂರು ಪಟ್ಟು ಕೆಟ್ಟದ್ದು, ಆದ್ದರಿಂದ ಕುರ್ಚಿಯ ಅಂಚಿನಲ್ಲಿ ಕುಳಿತೋ ಬಚ್ಚಲಿನಲ್ಲಿ ನಿಂತೋ ಚುಚ್ಚಿಕೊಳ್ಳಬೇಡಿ, ಮನೆಯಲ್ಲಿ ಒಬ್ಬರಾದರೂ ಇರುವ ಹೊತ್ತನ್ನೇ ಆರಿಸಿಕೊಳ್ಳಿ. ಕೈ ತೊಳೆದುಕೊಂಡು, ಹೊಕ್ಕುಳಿನಿಂದ ಕನಿಷ್ಠ 5 ಸೆಂಟಿಮೀಟರ್ ದೂರದಲ್ಲಿ, ಒಂದು ದಿನ ಎಡಕ್ಕೆ ಇನ್ನೊಂದು ದಿನ ಬಲಕ್ಕೆ, ಗಾಯದ ಗುರುತೂ ನೀಲಿ ಕಲೆಯೂ ಇಲ್ಲದ ಜಾಗ ನೋಡಿ ಒರೆಸಿರಿ. ಒರೆಸಿದ ಸ್ಪಿರಿಟ್ ಒಣಗುವವರೆಗೆ ಕಾಯುವುದು ಮುಖ್ಯ; ಒದ್ದೆಯಿದ್ದಾಗ ಚುಚ್ಚಿದರೆ ಸ್ಪಿರಿಟ್ಟೂ ಉರಿಯುತ್ತದೆ, ಆ ಉರಿಯನ್ನು ನಾವು ಸೂಜಿಯ ಲೆಕ್ಕಕ್ಕೆ ಬರೆಯುತ್ತೇವೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಚರ್ಮವನ್ನು ಮಡಿಕೆಯಾಗಿ ಹಿಡಿದು, ಸೂಜಿಯನ್ನು ಓರೆ ಮಾಡದೆ ನೆಟ್ಟಗೆ, ಒಂದೇ ಸಲಕ್ಕೆ ಪೂರ್ತಿ ಒಳಗೆ ಕಳುಹಿಸಿ. ನಿಧಾನವಾಗಿ ಒತ್ತಿದರೆ ನೋವು ಕಡಿಮೆ ಎಂಬ ಭಾವನೆ ಚುಚ್ಚುವ ವಿಷಯದಲ್ಲಿ ತಪ್ಪು, ಔಷಧಿ ತಳ್ಳುವ ವಿಷಯದಲ್ಲಿ ಸರಿ. ಚುಚ್ಚುವುದು ಚುರುಕಾಗಿ, ತಳ್ಳುವುದು ಹತ್ತು ಎಣಿಸುವಷ್ಟಾದರೂ ನಿಧಾನವಾಗಿ. ಮುಗಿಯುವವರೆಗೆ ಮಡಿಕೆಯನ್ನು ಬಿಡಬಾರದು. ಔಷಧಿ ಒಳಗೆ ಹೋದ ಮೇಲೆ ಒಂದೆರಡು ನಿಮಿಷ ಚುರುಚುರು ಎನ್ನುವುದು ಇದ್ದದ್ದೇ. ಬಹಳ ಜನರಿಗೆ ಸೂಜಿಗಿಂತ ಇದೇ ಹೆಚ್ಚು ಗೊತ್ತಾಗುತ್ತದೆ, ಏನೋ ತಪ್ಪಾಯಿತೆಂದು ಗಾಬರಿಯಾಗಬೇಡಿ. ಮುಗಿದ ಮೇಲೂ ಹತ್ತು ನಿಮಿಷ ಹಾಗೆಯೇ ಒರಗಿರಿ.

ನೋವನ್ನೇ ಕಡಿಮೆ ಮಾಡುವ ದಾರಿಗಳೂ ಇವೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒಂದೆರಡು ನಿಮಿಷ ಆ ಜಾಗಕ್ಕೆ ಒತ್ತಿಟ್ಟು, ಒರೆಸಿ, ಚುಚ್ಚಬಹುದು. ಲಿಡೊಕೇನ್ ಮತ್ತು ಪ್ರಿಲೊಕೇನ್ ಇರುವ ಮರಗಟ್ಟಿಸುವ ಮುಲಾಮನ್ನು ಒಂದು ಗಂಟೆ ಮೊದಲೇ ಹಚ್ಚಿ ಮುಚ್ಚಿಟ್ಟರೆ ಚರ್ಮಕ್ಕೆ ಸೂಜಿ ಗೊತ್ತಾಗುವುದು ಬಹಳ ಕಡಿಮೆಯಾಗುತ್ತದೆ. ವೈದ್ಯರನ್ನು ಕೇಳಿ ತರಿಸಿಕೊಳ್ಳಿ. ಬವಳಿಯನ್ನು ಮುಲಾಮು ಪೂರ್ತಿ ತಡೆಯಲಾರದು, ಏಕೆಂದರೆ ನಿಮ್ಮಂಥವರನ್ನು ಬೀಳಿಸುವುದು ನೋವಿಗಿಂತ ಹೆಚ್ಚಾಗಿ ನೋಟ ಮತ್ತು ನಿರೀಕ್ಷೆ.

ಇಷ್ಟೆಲ್ಲ ಮಾಡಿಯೂ ಎರಡು ಮೂರು ದಿನಗಳಲ್ಲಿ ಸುಧಾರಿಸದಿದ್ದರೆ ಹಟ ಹಿಡಿಯಬೇಡಿ. ಮನೆಯವರಲ್ಲಿ ಒಬ್ಬರು ಕಲಿತು ಚುಚ್ಚಬಹುದು, ನರ್ಸ್ ಒಬ್ಬರು ಬಂದು ಹೋಗುವ ವ್ಯವಸ್ಥೆ ಆಗಬಹುದು. ಇನ್ನೊಂದನ್ನು ನಿಮ್ಮ ವೈದ್ಯರನ್ನು ನೇರವಾಗಿ ಕೇಳಿ: ಸೊಂಟ ಮತ್ತು ಮಂಡಿಯ ಕೀಲು ಬದಲಿಸಿದವರಿಗೆ ರಿವರೊಕ್ಸಬಾನ್, ಅಪಿಕ್ಸಬಾನ್ ಎಂಬ ನುಂಗುವ ಮಾತ್ರೆಗಳೂ ಇದೇ ಕೆಲಸಕ್ಕೆ ಬಳಕೆಯಲ್ಲಿವೆ. ಮೂತ್ರಪಿಂಡದ ಸ್ಥಿತಿ, ನೀವು ತೆಗೆದುಕೊಳ್ಳುತ್ತಿರುವ ಬೇರೆ ಔಷಧಿಗಳು, ಹಿಂದಿನ ರಕ್ತಸ್ರಾವ ಇವನ್ನೆಲ್ಲ ನೋಡಿ ಅವು ನಿಮಗೆ ಹೊಂದುತ್ತವೆಯೇ ಎಂದು ಅವರೇ ತೀರ್ಮಾನಿಸಬೇಕು. ನೀವಾಗಿ ಬದಲಾಯಿಸುವಂತಿಲ್ಲ. ಆದರೆ ನಿಮ್ಮ ಭಯ ಅವರಿಗೆ ಗೊತ್ತಿಲ್ಲದಿದ್ದರೆ ಅವರು ಯೋಚಿಸುವುದಾದರೂ ಹೇಗೆ? ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾರೆಂದು ವೈದ್ಯರು ನಂಬಿರುವಾಗ ಸಿರಿಂಜುಗಳು ಡಬ್ಬಿಯಲ್ಲೇ ಉಳಿದಿರುವುದು, ಮಾತ್ರೆಗೆ ಬದಲಾಯಿಸುವುದಕ್ಕಿಂತ ಎಷ್ಟೋ ಅಪಾಯಕಾರಿ.

ಪ್ರಶ್ನೆ: ನನ್ನ ಹೆಂಡತಿಗೆ ಹೊಟ್ಟೆಯ ದೊಡ್ಡ ಆಪರೇಷನ್ ಆಗಿದೆ, 28 ದಿನ ಇಂಜೆಕ್ಷನ್ ಹೇಳಿದ್ದಾರೆ. ಅವಳಿಗೆ ಭಯವಿಲ್ಲ, ಚುಚ್ಚಬೇಕಾದ ನನಗೇ ಭಯ. ಗುಳ್ಳೆ ಹೋಗಲೆಂದು ಔಷಧಿಯನ್ನು ಸ್ವಲ್ಪ ಹೊರಗೆ ಚಿಮ್ಮಿಸಿ, ಚುಚ್ಚಿ, ಆಮೇಲೆ ಚೆನ್ನಾಗಿ ತಿಕ್ಕುತ್ತೇನೆ. ಆದರೂ ಹೊಟ್ಟೆಯ ತುಂಬ ನೀಲಿ ಕಲೆಗಳಾಗಿವೆ. ಅವನ್ನು ನೋಡಿದಾಗಲೆಲ್ಲ ನನ್ನ ಕೈ ಇನ್ನಷ್ಟು ನಡುಗುತ್ತದೆ. ನಾನು ಅವಳಿಗೆ ಗಾಯ ಮಾಡುತ್ತಿದ್ದೇನೆಯೇ?

ಉತ್ತರ: ಸಣ್ಣ ನೀಲಿ ಕಲೆಗಳು ಈ ಔಷಧಿಯ ಜೊತೆಗೇ ಬರುವಂಥವು. ರಕ್ತ ಬೇಗ ಹೆಪ್ಪುಗಟ್ಟದಂತೆ ಮಾಡುವುದೇ ಅದರ ಕೆಲಸವಾದ್ದರಿಂದ ಸೂಜಿ ತಾಗಿದ ಕಡೆ ಚರ್ಮದಡಿ ಸ್ವಲ್ಪ ರಕ್ತ ಹರಡುತ್ತದೆ. ಆದರೆ ನೀವು ಬರೆದಿರುವ ಎರಡು ಕೆಲಸಗಳನ್ನು ನಿಲ್ಲಿಸಿದರೆ ಕಲೆಗಳು ಕಡಿಮೆಯಾಗುವುದು ನಿಶ್ಚಯ. ಮೊದಲನೆಯದು ತಿಕ್ಕುವುದು. ಬೇರೆ ಇಂಜೆಕ್ಷನ್ ಆದ ಮೇಲೆ ತಿಕ್ಕಿದ ಅಭ್ಯಾಸ ನಮಗೆಲ್ಲ ಇದೆ, ಇಲ್ಲಿ ಮಾತ್ರ ಬೇಡವೇ ಬೇಡ. ಹತ್ತಿಯನ್ನು ಹಗುರವಾಗಿ ಒತ್ತಿ ಹಿಡಿದರೆ ಮುಗಿಯಿತು. ಎರಡನೆಯದು ಗಾಳಿಯ ಗುಳ್ಳೆ. ನಿಗದಿತ ಪ್ರಮಾಣ ತುಂಬಿ ಬರುವ 40 ಮಿಲಿಗ್ರಾಂ ಸಿರಿಂಜಿನಲ್ಲಿ ಆ ಗುಳ್ಳೆ ಇರಬೇಕಾದದ್ದೇ. ಅದನ್ನು ಹೊರಹಾಕಲು ಹೋದರೆ ಔಷಧಿಯೂ ನಷ್ಟವಾಗುತ್ತದೆ, ಸೂಜಿಯ ಹೊರಮೈಗೆ ಔಷಧಿ ಅಂಟಿ ಚುಚ್ಚಿದ ದಾರಿಯುದ್ದಕ್ಕೂ ಕಲೆಯಾಗುತ್ತದೆ. ಗುಳ್ಳೆ ಕಡೆಗೆ ಬಂದು ಸಿರಿಂಜಿನಲ್ಲಿ ಉಳಿದ ಔಷಧಿಯನ್ನೂ ಒಳಗೆ ದೂಡುತ್ತದೆ. ಚರ್ಮದಡಿಯ ಕೊಬ್ಬಿಗೆ ಹೋದ ಅಷ್ಟು ಗಾಳಿಯಿಂದ ಅಪಾಯವಿಲ್ಲ. ಸೂಜಿಯ ತುದಿಯಲ್ಲಿ ಹನಿ ತೂಗುತ್ತಿದ್ದರೆ ಸೂಜಿಯನ್ನು ಕೆಳಮುಖವಾಗಿ ಹಿಡಿದು ಮೆಲ್ಲಗೆ ತಟ್ಟಿ ಬೀಳಿಸಿ, ಅಷ್ಟೇ. ವೈದ್ಯರು ಬೇರೆ ಪ್ರಮಾಣ ಹೇಳಿ, ಸಿರಿಂಜಿನಿಂದ ಸ್ವಲ್ಪ ತೆಗೆದುಹಾಕಿ ಚುಚ್ಚಲು ಸೂಚಿಸಿದ್ದರೆ ಮಾತು ಬೇರೆ. ಆಗ ಅವರು ತೋರಿಸಿಕೊಟ್ಟಂತೆ ಮಾಡಿ.

ಅವರ ಹೊಟ್ಟೆಯ ಮೇಲೆ ಆಪರೇಷನ್ನಿನ ಗಾಯವಿರುವುದರಿಂದ ಅದರಿಂದ ದೂರದ ಪಕ್ಕೆಯ ಕಡೆ ಜಾಗ ಆರಿಸಿ. ಜಾಗ ಸಾಲದಿದ್ದರೆ ತೊಡೆಯ ಹೊರಭಾಗದಲ್ಲಿ ಚುಚ್ಚಬಹುದೇ ಎಂದು ವೈದ್ಯರನ್ನು ಕೇಳಿ. ಕಲೆ ದಿನೇ ದಿನೇ ಹಿಗ್ಗುತ್ತಿದ್ದರೆ, ಗಟ್ಟಿ ಗಂಟಾಗಿ ನೋಯುತ್ತಿದ್ದರೆ, ಆಪರೇಷನ್ನಿನ ಗಾಯದಿಂದ ರಕ್ತ ಒಸರುತ್ತಿದ್ದರೆ, ಮಲ ಕಪ್ಪಾಗಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ತೀವ್ರ ತಲೆನೋವು ಬಂದರೆ ತಡಮಾಡದೆ ತೋರಿಸಬೇಕು. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ವೈದ್ಯರು ಹೇಳದೆ ಕೊಡಬೇಡಿ, ಅವೂ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ನಿಮ್ಮ ಕೈ ನಡುಗುವುದಕ್ಕೆ ನನ್ನ ಸಲಹೆ ಚಿಕ್ಕದು: ಸಿರಿಂಜನ್ನು ಪೆನ್ನಿನಂತೆ ಹಿಡಿದು, ಆ ಕೈಯ ಕಿರುಬೆರಳಿನ ಬದಿಯನ್ನು ಅವರ ಮೈಗೆ ಆನಿಸಿಕೊಳ್ಳಿ. ಗಾಳಿಯಲ್ಲಿ ತೇಲುವ ಕೈ ನಡುಗುವಷ್ಟು ಆನಿಸಿದ ಕೈ ನಡುಗುವುದಿಲ್ಲ. ಔಷಧಿ ತಳ್ಳುವಾಗ ನಿಮ್ಮ ಹೆಂಡತಿಯೇ ಗಟ್ಟಿಯಾಗಿ ಎಣಿಸಲಿ. ಭಯವಿಲ್ಲದವರ ದನಿ ನಿಮಗೆ ಆಧಾರವಾಗುತ್ತದೆ.

ಪ್ರಶ್ನೆ: ಮುಂದಿನ ತಿಂಗಳು ನನಗೆ ಮಂಡಿಯ ಕೀಲು ಬದಲಿಸುತ್ತಾರೆ. ಸೂಜಿ ಎಂದರೆ ನನಗೆ ಜೀವ ಹೋಗುತ್ತದೆ. ಹೇಳಿದರೆ ನಕ್ಕಾರೆಂದು ಸರ್ಜನ್ ಹತ್ತಿರ ಹೇಳಿಲ್ಲ. ಚುಚ್ಚುವಾಗ ಕಣ್ಣು ಮುಚ್ಚಿಕೊಂಡರೆ ಆಗುವುದೇ?

ಉತ್ತರ: ಹೇಳಲೇಬೇಕು, ಅದೂ ಈಗಲೇ. ಮೊದಲೇ ಗೊತ್ತಿದ್ದರೆ ಮಾತ್ರೆ ಸಾಕೇ ಎಂದು ಅವರು ಯೋಚಿಸಬಹುದು. ಇಂಜೆಕ್ಷನ್ನೇ ಬೇಕೆಂದಾದರೆ ಆಸ್ಪತ್ರೆಯಲ್ಲಿರುವಾಗಲೇ ನರ್ಸ್ ಎದುರು ನಿಮ್ಮ ಕೈಯಿಂದಲೇ ಎರಡು ಮೂರು ಸಲ ಚುಚ್ಚಿಸಿ ಕಲಿಸಿ ಕಳುಹಿಸಬಹುದು. ಬಿಡುಗಡೆಯ ದಿನ ಐದು ನಿಮಿಷದಲ್ಲಿ ತೋರಿಸಿ ಡಬ್ಬಿ ಕೈಗಿಡುವುದು ಯಾರಿಗೂ ಸಾಲದು, ನಿಮಗಂತೂ ಸಾಲದು. ಬವಳಿ ಬರುವ ಸ್ವಭಾವವಿದ್ದರೆ ಮೇಲೆ ಹೇಳಿದ ಬಿಗಿ ಹಿಡಿಯುವ ಅಭ್ಯಾಸಕ್ಕೆ ನಿಮಗೆ ಇಡೀ ತಿಂಗಳಿದೆ, ಮೊದಲ ಪತ್ರದವರಿಗೆ ಇಲ್ಲದ ಅನುಕೂಲ ಅದು. ಮನೋಚಿಕಿತ್ಸಕರನ್ನು ಒಂದೆರಡು ಸಲ ಕಾಣುವುದಕ್ಕೂ ಸಮಯವಿದೆ.

ಕಣ್ಣು ಮುಚ್ಚುವ ವಿಚಾರಕ್ಕೆ ಬಂದರೆ, ಬೇರೆಯವರು ಚುಚ್ಚುವಾಗ ಧಾರಾಳವಾಗಿ ಮುಚ್ಚಿಕೊಳ್ಳಿ, ಆಚೆ ನೋಡಿ, ಮಾತನಾಡುತ್ತಿರಿ. ನೀವೇ ಚುಚ್ಚಿಕೊಳ್ಳುವಾಗ ಸೂಜಿ ಒಳಗೆ ಹೋಗುವವರೆಗೆ ನೋಡಲೇಬೇಕು, ಇಲ್ಲದಿದ್ದರೆ ಬೆರಳಿಗೆ ಚುಚ್ಚಿಕೊಳ್ಳುತ್ತೀರಿ. ಒಳಗೆ ಹೋದ ಮೇಲೆ ಸೂಜಿಯೇ ಕಾಣುವುದಿಲ್ಲ, ಆಗ ಎದುರಿನ ಗೋಡೆ ನೋಡುತ್ತ ಎಣಿಸಬಹುದು.

ಪ್ರಶ್ನೆ: ಮೂರು ವಾರಗಳ ಇಂಜೆಕ್ಷನ್ ಮುಗಿಯುತ್ತ ಬಂದಿದೆ. ಚುಚ್ಚಿಕೊಳ್ಳುವ ಭಯ ಹೋಗಿದೆ, ಆದರೆ ಬಳಸಿದ ಸೂಜಿಗಳ ರಾಶಿ ನೋಡಿದರೆ ಭಯ. ಮೊಮ್ಮಕ್ಕಳಿರುವ ಮನೆ. ಮುಚ್ಚಳ ಹಾಕಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೇನೆ, ಸರಿಯೇ?

ಉತ್ತರ: ಸರಿಯಲ್ಲ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋದಾಗಲೇ ಬೆರಳಿಗೆ ಚುಚ್ಚಿಕೊಳ್ಳುವ ಸಂಭವ ಹೆಚ್ಚು, ಚೀಲವನ್ನಂತೂ ಸೂಜಿ ಸುಲಭವಾಗಿ ತೂರುತ್ತದೆ. ಹಲವು ಸಿರಿಂಜುಗಳಲ್ಲಿ ಔಷಧಿ ಪೂರ್ತಿ ಹೋದ ಮೇಲೆ, ಸೂಜಿಯನ್ನು ಚರ್ಮದಿಂದ ಹೊರತೆಗೆದು, ಹಿಂದಿನಿಂದ ಗಟ್ಟಿಯಾಗಿ ಒತ್ತಿದರೆ ಒಂದು ಕವಚ ಜಾರಿ ಬಂದು ಸೂಜಿಯನ್ನು ಮುಚ್ಚುತ್ತದೆ; ನಿಮ್ಮದರಲ್ಲಿ ಅದು ಇದೆಯೇ ನೋಡಿಕೊಳ್ಳಿ. ಇದ್ದರೂ ಇಲ್ಲದಿದ್ದರೂ, ಆಸ್ಪತ್ರೆಯವರು ಕೊಡುವ ಸೂಜಿ ಡಬ್ಬಿಗೆ, ಅದಿಲ್ಲದಿದ್ದರೆ ಬಿರಡೆಯಿರುವ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ, ಚುಚ್ಚಿದ ಕೂಡಲೇ ಸಿರಿಂಜನ್ನು ಹಾಕಿಬಿಡಿ. ಡಬ್ಬಿ ಮಕ್ಕಳ ಕೈಗೆಟುಕದ ಎತ್ತರದಲ್ಲಿರಲಿ, ಮುಕ್ಕಾಲು ತುಂಬಿದ ಮೇಲೆ ಬಿಗಿಯಾಗಿ ಮುಚ್ಚಿ ಆಸ್ಪತ್ರೆಗೇ ಹಿಂದಿರುಗಿಸಬಹುದೇ ಎಂದು ಕೇಳಿ. ಈಗ ಚೀಲದಲ್ಲಿರುವವನ್ನು ಕೈಯಿಂದ ಆರಿಸಿ ತೆಗೆಯುವ ಸಾಹಸ ಬೇಡ, ಚೀಲವನ್ನು ಇದ್ದ ಹಾಗೆಯೇ ದೊಡ್ಡ ಗಟ್ಟಿ ಡಬ್ಬಿಯೊಳಗೆ ಇಳಿಸಿ ಮುಚ್ಚಿರಿ.